ಎಳೆದು ಬಿಡುವ ಕ್ರಿಯೆಯ ಒಳಲೆಕ್ಕ

ಶಿರಸಿಯ ಅಡಿಕೆ ಮಾರುಕಟ್ಟೆಯಲ್ಲಿ ಬಳಕೆಯಲ್ಲಿರುವ ಚಾಲಿ, ರಾಶಿ, ಬೆಟ್ಟೆ, ಬಿಳೆಗೋಟು, ಕೆಂಪುಗೋಟು, ಕೋಕಾ ಎಂಬ ವಿಂಗಡಣೆಯನ್ನು ಮಕ್ಕಳಿಗೆ ಕಲಿಸುವ ಒಂದು ಮೊಬೈಲ್ ಆಟವನ್ನು ಕಲ್ಪಿಸಿಕೊಳ್ಳೋಣ. ಪರದೆಯ ಮೇಲ್ಭಾಗದಲ್ಲಿ ಬೆರಕೆ ಅಡಿಕೆಯ ಗುಡ್ಡೆ, ಕೆಳಗೆ ಆರು ಚೀಲಗಳು. ಒಂದೊಂದೇ ಅಡಿಕೆಯನ್ನು ಬೆರಳಿನಿಂದ ಎಳೆದು ಅದರದರ ಚೀಲಕ್ಕೆ ಹಾಕಬೇಕು. ಆಡುವವರಿಗೆ ಒಂದೇ ಚಲನೆಯಾಗಿ ತೋರುವ ಈ ಕ್ರಿಯೆ ಪ್ರೋಗ್ರಾಮಿನ ಒಳಗೆ ಒತ್ತುವುದು, ಎಳೆಯುವುದು, ಬಿಡುವುದು ಎಂಬ ಮೂರು ಪ್ರತ್ಯೇಕ ಸ್ಥಿತಿಗಳಾಗಿರುತ್ತದೆ.

ಬೆರಳು ಪರದೆಯ ಮೇಲೆ ಪೂರ್ತಿ ನಿಶ್ಚಲವಾಗಿ ನಿಲ್ಲುವುದಿಲ್ಲ. ಆದ್ದರಿಂದ ಅದು ಒಂದು ಗೊತ್ತಾದ ದೂರ ಸರಿಯುವವರೆಗೂ ಅದನ್ನು ಎಳೆತವೆಂದು ಎಣಿಸಬಾರದು. ಆಂಡ್ರಾಯ್ಡ್ ವ್ಯವಸ್ಥೆಯಲ್ಲಿ ಈ ದೂರ ಸಾಮಾನ್ಯವಾಗಿ 8 ಡಿಪಿ (ಪರದೆಯ ಮೇಲಿನ ಅಂತರವನ್ನು ಅಳೆಯುವ ಮಾನ). ಒಂದು ಇಂಚಿಗೆ 160 ಡಿಪಿ ಎಂಬ ಲೆಕ್ಕದಲ್ಲಿ ಅದು ಸುಮಾರು 1.3 ಮಿಲಿಮೀಟರ್ ಆಗುತ್ತದೆ. ಅಡಿಕೆಯ ಅಂಚನ್ನು ಹಿಡಿದರೆ ಚಿತ್ರದ ನಡುಭಾಗ ಥಟ್ಟನೆ ಬೆರಳಿನಡಿಗೆ ಜಿಗಿಯದಂತೆ, ಹಿಡಿದ ಬಿಂದುವಿಗೂ ಚಿತ್ರದ ಕೇಂದ್ರಕ್ಕೂ ಇರುವ ಅಂತರವನ್ನು ಮೊದಲೇ ನೆನಪಿಟ್ಟುಕೊಳ್ಳಬೇಕು. ಬಿಟ್ಟಾಗ ಬೆರಳಿನ ಕೆಳಗೆ ಯಾವ ಚೀಲವಿದೆ ಎಂದು ಹುಡುಕಿದರೆ ಎಲ್ಲಕ್ಕಿಂತ ಮೇಲಿರುವ ಆ ಅಡಿಕೆಯ ಚಿತ್ರವೇ ಅಡ್ಡಬರುತ್ತದೆ. ಎಳೆತ ಮುಗಿಯುವವರೆಗೆ ಆ ಚಿತ್ರವನ್ನು ಹುಡುಕಾಟದಿಂದ ಹೊರಗಿಡುವುದೇ ಇದಕ್ಕೆ ಪರಿಹಾರ.

ಗುರಿ ದೂರವಿದ್ದಷ್ಟೂ ಕಿರಿದಾಗಿದ್ದಷ್ಟೂ ಅದನ್ನು ತಲುಪಲು ಹೆಚ್ಚು ಸಮಯ ಬೇಕೆಂಬ ಸಂಬಂಧವನ್ನು ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲಿ ಗಣಿತರೂಪದಲ್ಲಿ ಕೊಟ್ಟರು. 1991ರಲ್ಲಿ ಮೆಕೆಂಜಿ, ಸೆಲ್ಲೆನ್ ಮತ್ತು ಬಕ್ಸ್‌ಟನ್ ನಡೆಸಿದ ಪ್ರಯೋಗಗಳು ಬರಿದೇ ಗುರಿ ಮುಟ್ಟುವುದಕ್ಕಿಂತ ಒತ್ತಿಹಿಡಿದು ಎಳೆಯುವುದು ನಿಧಾನವೆಂದೂ, ಅದರಲ್ಲಿ ತಪ್ಪುಗಳು ಹೆಚ್ಚೆಂದೂ ತೋರಿಸಿದವು. ಹಾಗಾಗಿ ಚೀಲ ಕಣ್ಣಿಗೆ ಕಾಣುವುದಕ್ಕಿಂತ ಅದರ ಸ್ವೀಕಾರದ ಪ್ರದೇಶ ತುಸು ದೊಡ್ಡದಾಗಿರುವುದು ಒಳ್ಳೆಯದು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಚಿತ್ರವನ್ನೂ ಲೆಕ್ಕವನ್ನೂ ಬೇರೆಯಾಗಿಡುವುದು. ಎಳೆತ ಆರಂಭವಾದೊಡನೆ ಗುಡ್ಡೆಯ ಲೆಕ್ಕದಿಂದ ಅಡಿಕೆಯನ್ನು ತೆಗೆದುಬಿಟ್ಟರೆ, ನಡುವೆ ಫೋನ್ ಕರೆ ಬಂದು ಎಳೆತ ತುಂಡಾದಾಗ ಆ ಅಡಿಕೆ ಎಲ್ಲಿಯೂ ಇಲ್ಲದಂತಾಗುತ್ತದೆ. ಚೀಲಕ್ಕೆ ಮೊದಲು ಸೇರಿಸಿ ಗುಡ್ಡೆಯಿಂದ ಆಮೇಲೆ ಕಳೆಯಹೊರಟರೆ, ಮಧ್ಯೆ ಅಡಚಣೆಯಾದಾಗ ಒಂದೇ ಅಡಿಕೆ ಎರಡಾಗುತ್ತದೆ. ಎಳೆಯುವಾಗ ಚಲಿಸುವುದು ನೆರಳುಚಿತ್ರ ಮಾತ್ರವಾಗಿದ್ದು, ಯೋಗ್ಯ ಜಾಗದಲ್ಲಿ ಬಿಟ್ಟ ಮೇಲಷ್ಟೇ ಕಳೆಯುವುದೂ ಕೂಡುವುದೂ ಬೇರ್ಪಡದ ಒಂದೇ ಹೆಜ್ಜೆಯಾಗಿ ನಡೆಯಬೇಕು. ಹಲವರು ಜಾಲದ ಮೂಲಕ ಸೇರಿ ಆಡುವ ಆಟದಲ್ಲಿ ಈ ಹೆಜ್ಜೆಗೆ ಸರ್ವರ್ ಒಪ್ಪಿಗೆಯೂ ಬೇಕು. ಗೋಡೋ ಎಂಬ ಆಟ ತಯಾರಿಕಾ ತಂತ್ರಾಂಶದಲ್ಲಿ ಎಳೆಯುತ್ತಿರುವುದು ಏನು, ಇಲ್ಲಿ ಬಿಡಬಹುದೇ, ಬಿಟ್ಟಾಗ ಏನಾಗಬೇಕು ಎಂಬ ಮೂರು ಪ್ರಶ್ನೆಗಳಿಗೆ ಮೂರು ಪ್ರತ್ಯೇಕ ಫಂಕ್ಷನ್‌ಗಳಿವೆ, ಅಂದರೆ ಒಂದೊಂದು ಕೆಲಸಕ್ಕೆಂದು ಬರೆದ ಪ್ರೋಗ್ರಾಮಿನ ತುಣುಕುಗಳಿವೆ; ಈ ವಿಭಜನೆ ನನಗೆ ಬಹಳ ವಿವೇಕದ್ದೆನಿಸುತ್ತದೆ.

ಇಲ್ಲಿ ಬಿಡಬಹುದೇ ಎಂಬ ಎರಡನೆಯ ಪ್ರಶ್ನೆಗೆ ಉತ್ತರಿಸುವಾಗ ಕಲಿಕೆಯ ಆಟಗಳಲ್ಲಿ ವಿಶೇಷ ಎಚ್ಚರ ಅಗತ್ಯ. ಬಿಡಬಹುದಾದ ಜಾಗವನ್ನು ಬೆಳಗಿಸುವುದು ರೂಢಿ. ಆದರೆ ಬಿಳೆಗೋಟನ್ನು ಎಳೆದಾಗ ಬಿಳೆಗೋಟಿನ ಚೀಲ ಮಾತ್ರ ಬೆಳಗಿದರೆ, ಮಗು ಅಡಿಕೆಯ ಬಣ್ಣವನ್ನೂ ಮೈಯನ್ನೂ ನೋಡುವುದನ್ನು ಬಿಟ್ಟು ಬೆಳಕನ್ನೇ ಹಿಂಬಾಲಿಸುತ್ತದೆ. ತುಂಬಿದ ಚೀಲವನ್ನಷ್ಟೇ ನಿರಾಕರಿಸಿ, ತಪ್ಪು ಚೀಲಕ್ಕೆ ಬಿದ್ದದ್ದನ್ನು ಒಪ್ಪಿಕೊಂಡು, ಅದೇಕೆ ತಪ್ಪೆಂದು ಆಮೇಲೆ ತೋರಿಸುವುದೇ ಸರಿ.

ಕೈ ನಡುಗುವವರಿಗೆ ಒತ್ತಿಹಿಡಿದು ಎಳೆಯುವುದು ಕಷ್ಟ. 2023ರ ಅಕ್ಟೋಬರ್‌ನಲ್ಲಿ ಹೊರಬಂದ ಜಾಲತಾಣಗಳ ಸುಗಮ್ಯತಾ ಮಾರ್ಗಸೂಚಿಯ 2.2ನೆಯ ಆವೃತ್ತಿ, ಎಳೆದು ಮಾಡುವ ಕೆಲಸವನ್ನು ಎಳೆಯದೆಯೂ ಮಾಡುವ ದಾರಿಯಿರಬೇಕೆಂದು ಹೇಳುತ್ತದೆ. ಆಟಗಳಿಗೂ ಇದು ಅನ್ವಯಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಲೆಕ್ಕ ಬದಲಿಸುವ ಭಾಗ ಚಿತ್ರದಿಂದ ಬೇರೆಯಾಗಿದ್ದರೆ ಇದಕ್ಕೆ ಹೆಚ್ಚಿನ ಶ್ರಮವೂ ಬೇಡ. ಅಡಿಕೆಯನ್ನೊಮ್ಮೆ ತಟ್ಟಿ ಬಳಿಕ ಚೀಲವನ್ನು ತಟ್ಟಿದಾಗಲೂ ಅದೇ ಫಂಕ್ಷನ್ ಅನ್ನು ಕರೆದರೆ ಸಾಕು.