ಲಲಿತಕಲೆ ಯಾವುದು, ಕುಶಲಕಲೆ ಯಾವುದು? ನಮ್ಮ ಕಡೆಯ ಉದಾಹರಣೆಗಳು

ಕಲೆಯ ಪರೀಕ್ಷೆಗೆ ಓದುವವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ: ಫೈನ್ ಆರ್ಟ್, ಅಂದರೆ ಲಲಿತಕಲೆ ಎಂದರೇನು? ಪುಸ್ತಕದ ಉತ್ತರ ಚಿಕ್ಕದು. ದಿನಬಳಕೆಗಲ್ಲ, ನೋಡಿ ಕೇಳಿ ಸವಿಯುವುದಕ್ಕೇ ಮಾಡಿದ ಕಲೆ. ಕೊಡ, ಕಂಬಳಿ ಎಷ್ಟೇ ಚೆಂದ ಇರಲಿ, ಅವು ಉಪಯುಕ್ತ ಕಲೆ, ಅಂದರೆ ಕುಶಲಕಲೆ.

ಈ ವಿಂಗಡಣೆ ತೀರಾ ಹಳೆಯದಲ್ಲ. 1746ರಲ್ಲಿ ಫ್ರಾನ್ಸಿನ ಚಿಂತಕ ಶಾರ್ಲ್ ಬಾತೋ ಸಂಗೀತ, ಕಾವ್ಯ, ಚಿತ್ರ, ಶಿಲ್ಪ, ನೃತ್ಯ ಐದನ್ನೂ ಒಂದೇ ಗುಂಪಿಗೆ ಸೇರಿಸಿದ. ಸಂತೋಷ ಕೊಡುವುದೇ ಇವುಗಳ ಗುರಿ ಎಂದ. ವಾಸ್ತುಶಿಲ್ಪವನ್ನು ಬೇರೆ ಇಟ್ಟ. ಕಟ್ಟಡ ಚೆಂದವೂ ಇರಬೇಕು, ಕೆಲಸಕ್ಕೂ ಬರಬೇಕು ಅಲ್ವಾ? ಬೀದರಿನ ಮಹಮೂದ್ ಗವಾನ್ ಮದರಸಾ ಇದಕ್ಕೆ ಒಳ್ಳೆ ಉದಾಹರಣೆ. 15ನೇ ಶತಮಾನದಲ್ಲಿ ಅದನ್ನು ಕಟ್ಟಿದ್ದು ಪಾಠ ಹೇಳುವುದಕ್ಕೆ. ಗೋಡೆಯಲ್ಲಿ ಉಳಿದಿರುವ ಬಣ್ಣದ ಟೈಲ್ಸ್ ಕೆಲಸ ಮಾತ್ರ ಕಣ್ಣಿಗಾಗಿಯೇ.

ನಿಜವಾದ ತಕರಾರು ಬಿದರಿ ಕೆಲಸದಲ್ಲಿದೆ, ಅಂದರೆ ಬೀದರಿನ ಲೋಹದ ಕುಸುರಿಯಲ್ಲಿ. ಸತು ಜಾಸ್ತಿ, ತಾಮ್ರ ಕಡಿಮೆ ಹಾಕಿ ಎರಕ ಹೊಯ್ಯುತ್ತಾರೆ. ಮೇಲೆ ಉಳಿಯಿಂದ ಹೂಬಳ್ಳಿ ಕೆತ್ತಿ, ಆ ಗೀರಿನೊಳಗೆ ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಹಳೆ ಮಣ್ಣು ಬೆರೆಸಿದ ದ್ರಾವಣ ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಪರೀಕ್ಷೆಯಲ್ಲಿ ಇದು ಕುಶಲಕಲೆ. ಹುಕ್ಕಾದ ಬುಡ, ಪಾನದಾನ (ಎಲೆ ಅಡಿಕೆ ಡಬ್ಬಿ), ಹೂದಾನಿ ಎಲ್ಲಾ ಬಳಸುವುದಕ್ಕೇ ಮಾಡಿದವು. ಆದರೆ ಅಂಥವೇ ಹಳೆ ಹುಕ್ಕಾ ಬುಡಗಳು ಇವತ್ತು ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿವೆ. ಅಲ್ಲಿ ಯಾರೂ ಹುಕ್ಕಾ ಸೇದುವುದಿಲ್ಲ, ಸುಮ್ನೆ ನಿಂತು ನೋಡುತ್ತಾರೆ. ವಸ್ತು ಬದಲಾಗಲಿಲ್ಲ, ಅದನ್ನು ನೋಡುವ ರೀತಿ ಬದಲಾಯಿತು. ಹಾಗಾಗಿ ಲಲಿತಕಲೆ ಅಂದರೆ ಮೇಲು, ಕುಶಲಕಲೆ ಅಂದರೆ ಕೀಳು ಅಂತ ಖಂಡಿತ ಬರೆಯಬೇಡಿ. ಆ ಗೀರಿನ ನಾಜೂಕು ನೋಡಿದವರಿಗೆ ಅಂಥ ಮಾತು ಒಪ್ಪಲು ಆಗುವುದಿಲ್ಲ.

ಕಲಬುರಗಿಯ ಚಿತ್ರಕಲಾವಿದ ಎಸ್. ಎಂ. ಪಂಡಿತರದು ಇನ್ನೊಂದು ಬಗೆಯ ಉದಾಹರಣೆ. ಮುಂಬೈಯಲ್ಲಿ ಸಿನಿಮಾ ಪೋಸ್ಟರ್ ಬರೆದರು. ಅವರು ಬರೆದ ದೇವರ ಚಿತ್ರಗಳು ಕ್ಯಾಲೆಂಡರಿನಲ್ಲಿ ಅಚ್ಚಾಗಿ ಮನೆಮನೆಯ ಗೋಡೆಗೆ ಬಂದವು. ಕಂಪನಿಗೆ ಬರೆದದ್ದು, ಹಾಗಾಗಿ ಅದು ವಾಣಿಜ್ಯ ಕಲೆ ಎನ್ನುವವರಿದ್ದಾರೆ. ನನ್ನ ಪ್ರಕಾರ ಹಣ ಯಾರು ಕೊಟ್ಟರು ಅನ್ನುವುದು ಸರಿಯಾದ ಅಳತೆಯಲ್ಲ. ಕಲಬುರಗಿ ಜಿಲ್ಲೆಯ ಸನ್ನತಿ ಹತ್ತಿರದ ಕನಗನಹಳ್ಳಿ ಬೌದ್ಧ ಸ್ತೂಪದ ಕೆಲಸಕ್ಕೂ ದಾನಿಗಳೇ ಹಣ ಕೊಟ್ಟಿದ್ದರು. ಅಲ್ಲಿನ ಅಶೋಕನ ಶಿಲ್ಪವನ್ನು ಇವತ್ತು ಎಲ್ಲರೂ ಕಲೆ ಅಂತಲೇ ಓದುತ್ತೇವೆ.

ಬಳಕೆಯಲ್ಲಿ ಇನ್ನೊಂದು ಗೊಂದಲವಿದೆ. ಬಾತೋನ ಪಟ್ಟಿಯಲ್ಲಿ ಸಂಗೀತ, ಕಾವ್ಯವೂ ಇದ್ದವು. ನಮ್ಮ ದೇಶದಲ್ಲಿ ಅವಕ್ಕೆ ಸಂಗೀತ ನಾಟಕ ಅಕಾಡೆಮಿ, ಸಾಹಿತ್ಯ ಅಕಾಡೆಮಿ ಬೇರೆ ಇವೆ. ಲಲಿತ ಕಲಾ ಅಕಾಡೆಮಿ ನೋಡಿಕೊಳ್ಳುವುದು ಚಿತ್ರ, ಶಿಲ್ಪದಂಥ ದೃಶ್ಯಕಲೆಗಳನ್ನು. ಕರ್ನಾಟಕದಲ್ಲಿ ಶಿಲ್ಪಕಲೆಗೂ ಪ್ರತ್ಯೇಕ ಅಕಾಡೆಮಿ ಇದೆ. ಪದವಿಯ ಹೆಸರೂ ಹೀಗೆಯೇ. ನಮ್ಮಲ್ಲಿ ಬಿ.ವಿ.ಎ. (ಬ್ಯಾಚುಲರ್ ಆಫ್ ವಿಷುಯಲ್ ಆರ್ಟ್ಸ್) ಎನ್ನುವ ಕೋರ್ಸನ್ನು ಹೊರರಾಜ್ಯಗಳಲ್ಲಿ ಹೆಚ್ಚಾಗಿ ಬಿ.ಎಫ್.ಎ. (ಬ್ಯಾಚುಲರ್ ಆಫ್ ಫೈನ್ ಆರ್ಟ್ಸ್) ಎನ್ನುತ್ತಾರೆ. ಅರ್ಜಿ ಹಾಕುವಾಗ ಎರಡೂ ಹೆಸರಲ್ಲಿ ಹುಡುಕಿ.