ಕೊಂದವರು ಯಾರೆಂದು ಮೊದಲೇ ತಿಳಿದ ಮೇಲೆ ಓದುವುದೇನು?

ಪ್ರಶ್ನೆ: ಕೆಲವು ಮನೋವೈಜ್ಞಾನಿಕ ಥ್ರಿಲ್ಲರ್‌ಗಳಲ್ಲಿ ಕೊಂದವರು ಯಾರು, ಏಕೆ ಕೊಂದರು ಎಂಬುದನ್ನು ಆರಂಭದಲ್ಲೇ ಹೇಳಿಬಿಡುತ್ತಾರೆ. ಆಮೇಲೆ ಕುತೂಹಲ ಉಳಿಯುವುದಾದರೂ ಹೇಗೆ?

ಉತ್ತರ: ಕುತೂಹಲ ಉಳಿಯುತ್ತದೆ, ಆದರೆ ಅದು ಬೇರೆ ಕಡೆಗೆ ಹೊರಳುತ್ತದೆ. ಕೊಂದವರು ಯಾರೆಂಬುದು ಇತ್ಯರ್ಥವಾದೊಡನೆ, ಈ ಸಾವುಗಳನ್ನು ಯಾರಾದರೂ ತಡೆಯಬಹುದಿತ್ತೇ ಎಂಬ ಚಿಂತೆ ಓದುಗರನ್ನು ಹಿಡಿಯುತ್ತದೆ. ಈ ಬಗೆಯ ಕಾದಂಬರಿಗಳಲ್ಲಿ ಭಾವದ ಆಳ ಹುಟ್ಟುವುದು ಆ ಚಿಂತೆಯಿಂದಲೇ.

ಇಂಗ್ಲೆಂಡಿನ ರೂತ್ ರೆಂಡೆಲ್ ಅವರ 'ಎ ಜಡ್ಜ್‌ಮೆಂಟ್ ಇನ್ ಸ್ಟೋನ್' (1977) ಇದಕ್ಕೆ ತಕ್ಕ ನಿದರ್ಶನ. ಮನೆಗೆಲಸಕ್ಕೆ ಬಂದ ಯೂನಿಸ್ ಪಾರ್ಚ್‌ಮನ್, ಕವರ್‌ಡೇಲ್ ಕುಟುಂಬವನ್ನು ಕೊಂದದ್ದು ತನಗೆ ಓದು ಬರಹ ಬಾರದ ಕಾರಣಕ್ಕೆ ಎಂದು ಮೊದಲ ವಾಕ್ಯವೇ ತಿಳಿಸುತ್ತದೆ. ಅಲ್ಲಿಂದ ಮುಂದೆ ಮನೆಯೊಡತಿ ಬರೆದಿಟ್ಟುಹೋಗುವ ಒಂದು ಸಾಮಾನ್ಯ ಚೀಟಿಯೂ ನಮಗೆ ಅಪಾಯದ ಸೂಚನೆಯಾಗಿ ಕಾಣುತ್ತದೆ, ಏಕೆಂದರೆ ಯೂನಿಸ್ ಜೀವಮಾನವಿಡೀ ಬಚ್ಚಿಟ್ಟುಕೊಂಡು ಬಂದ ಗುಟ್ಟು ಆ ಮನೆಯವರಿಗೆ ತಿಳಿಯದು, ನಮಗೆ ತಿಳಿದಿದೆ. ಕೊನೆಗೆ ಆ ಗುಟ್ಟನ್ನು ಕಂಡುಹಿಡಿಯುವವಳು ಮನೆಯ ಮಗಳು ಮೆಲಿಂಡಾ. ಅವಳು ಯೂನಿಸ್‌ಳನ್ನು ಹಂಗಿಸುವುದಿಲ್ಲ. ತಾನೇ ಅಕ್ಷರ ಕಲಿಸುತ್ತೇನೆಂದು ಮನಸಾರೆ ಮುಂದೆ ಬರುತ್ತಾಳೆ. ಯೂನಿಸ್‌ಗೆ ಮಾತ್ರ ಆ ಕರುಣೆ ಅವಮಾನದಂತೆಯೇ ಚುಚ್ಚುತ್ತದೆ, ಮತ್ತು ಅವಳು ಮೆಲಿಂಡಾಳ ಖಾಸಗಿ ವಿಷಯವೊಂದನ್ನು ಬಯಲು ಮಾಡುವೆನೆಂದು ಬೆದರಿಸುತ್ತಾಳೆ. ಒಳ್ಳೆಯತನವೇ ಕೇಡಿಗೆ ದಾರಿಯಾಗುವುದನ್ನು ನೋಡುತ್ತ ಏನೂ ಮಾಡಲಾಗದೆ ಕೂರುವ ಸಂಕಟವಿದೆಯಲ್ಲ, ಅದನ್ನು ಕೊನೆಯ ಪುಟದ ಯಾವ ತಿರುವೂ ಕೊಡಲಾರದು.

ಈ ಕಾದಂಬರಿಯ ಒಂದು ನಿಲುವನ್ನು ಮಾತ್ರ ನಾನು ಒಪ್ಪಲಾರೆ. ಅಕ್ಷರ ಬಾರದವರಲ್ಲಿ ಕಲ್ಪನೆಯೂ ಸಹಾನುಭೂತಿಯೂ ಬತ್ತಿಹೋಗುತ್ತವೆ ಎಂಬ ಧ್ವನಿ ನಿರೂಪಣೆಯಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಪುಸ್ತಕದ ಹಂಗಿಲ್ಲದೆ ರಾತ್ರಿಯಿಡೀ ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರನ್ನು ಕೇಳಿದವರಿಗೆ ಈ ಮಾತು ಹುಸಿಯೆನಿಸದೆ ಇರದು. ನನ್ನ ಓದಿನಲ್ಲಿ ಯೂನಿಸ್‌ಳನ್ನು ಕಲ್ಲಾಗಿಸಿದ್ದು ಅನಕ್ಷರತೆಗಿಂತ ಹೆಚ್ಚಾಗಿ ಅದರ ಬಗೆಗಿನ ನಾಚಿಕೆ.

ಈ ದಾರಿ ಹೊಸದೇನಲ್ಲ. ದಾಸ್ತೋವ್‌ಸ್ಕಿಯ 'ಅಪರಾಧ ಮತ್ತು ಶಿಕ್ಷೆ' (1866) ಆರು ಭಾಗಗಳ ಕಾದಂಬರಿ. ಕೊಲೆ ಮೊದಲ ಭಾಗದಲ್ಲೇ ಮುಗಿಯುತ್ತದೆ, ಉಳಿದುದೆಲ್ಲ ಕೊಂದವನ ಒಳಗುದಿ.

ಹಾಗೆಂದು ಎಲ್ಲ ಕೃತಿಗಳ ಅಂತ್ಯವನ್ನೂ ಮೊದಲೇ ತಿಳಿದುಕೊಳ್ಳಬಹುದೆಂದಲ್ಲ. ಡಾಫ್ನೆ ದು ಮೊರಿಯೆ ಅವರ 'ರೆಬೆಕಾ' (1938) ಕಾದಂಬರಿಯಲ್ಲಿ ನಿರೂಪಕಿಗೆ ಹೆಸರೇ ಇಲ್ಲ. ಗಂಡನ ಮೊದಲ ಹೆಂಡತಿಯ ಬಗ್ಗೆ ಅವಳು ಕಟ್ಟಿಕೊಳ್ಳುವ ತಪ್ಪು ಊಹೆಗಳನ್ನು ನಾವೂ ನಂಬಿದರಷ್ಟೇ ಅವಳ ಕೀಳರಿಮೆ ನಮ್ಮನ್ನು ತಟ್ಟುತ್ತದೆ. ಅಂಥ ಪುಸ್ತಕವನ್ನು ಕೈಗೆತ್ತಿಕೊಂಡಾಗ ಮುನ್ನುಡಿಯನ್ನೂ ಬೆನ್ನುಡಿಯನ್ನೂ ಕಡೆಗೆ ಓದುವುದೇ ಲೇಸು.