ಪದ ಪರಿಚಯ: ವಿದ್ಯುತ್ ನಿಯಂತ್ರಣ ನಿಯಮ

ಮಾಡಿನ ಮೇಲೆ ಸೋಲಾರ್ ಫಲಕ, ಮೆಟ್ಟಿಲಡಿಯಲ್ಲಿ ಬ್ಯಾಟರಿ, ಬಾವಿಗೆ ಪಂಪು, ಬಚ್ಚಲಿಗೆ ಗೀಸರ್ ಇರುವ ಮನೆಗಳು ಮಂಗಳೂರು, ಉಡುಪಿಯ ಕಡೆ ಈಗ ಅಪರೂಪವಲ್ಲ. ಇವನ್ನೆಲ್ಲ ಒಂದು ಪುಟ್ಟ ನಿಯಂತ್ರಕಕ್ಕೆ ಜೋಡಿಸಿ, ಯಾವುದು ಯಾವಾಗ ಎಷ್ಟು ಕರೆಂಟು ಎಳೆಯಬೇಕೆಂಬುದನ್ನು ಅದಕ್ಕೆ ಒಪ್ಪಿಸುವ ಏರ್ಪಾಡನ್ನು ಮನೆಯ ವಿದ್ಯುತ್ ನಿರ್ವಹಣಾ ವ್ಯವಸ್ಥೆ ಎನ್ನುತ್ತಾರೆ. ಆ ನಿಯಂತ್ರಕಕ್ಕೆ ನಾವು ಕೊಡುವ ಆದೇಶವೇ ವಿದ್ಯುತ್ ನಿಯಂತ್ರಣ ನಿಯಮ. ಆ್ಯಪ್‌ಗಳಲ್ಲಿ ‘ಪವರ್ ಕಂಟ್ರೋಲ್ ರೂಲ್’ ಎಂದು ಕಾಣುವುದು ಇದೇ.

ಇಲ್ಲಿನ ‘ಪವರ್’ ಎಂದರೆ ಯೂನಿಟ್ ಅಲ್ಲ. ನಮ್ಮ ಕಡೆ ಕರೆಂಟು ಹಂಚುವ ಕಂಪನಿಯಾದ ಮೆಸ್ಕಾಂ ಬಿಲ್ಲಿನಲ್ಲಿ ಲೆಕ್ಕ ಹಾಕುವುದು ಯೂನಿಟ್ಟನ್ನು, ಅಂದರೆ 1,000 ವ್ಯಾಟಿನ ಹೊರೆ ಒಂದು ಗಂಟೆಯಲ್ಲಿ ಬಳಸುವ ವಿದ್ಯುತ್ತನ್ನು. ನಿಯಮವು ನೋಡುವುದು ಆ ಕ್ಷಣದ ವ್ಯಾಟ್ ಅನ್ನು. 2,000 ವ್ಯಾಟಿನ ಗೀಸರ್ ಅರ್ಧ ಗಂಟೆ ಓಡಿದರೆ ಬಿಲ್ಲಿಗೆ ಸೇರುವುದು ಒಂದೇ ಯೂನಿಟ್, ಆದರೆ ಆ ಅರ್ಧ ಗಂಟೆಯುದ್ದಕ್ಕೂ ಮನೆಯ ವಯರಿಂಗ್ ಹೊರುವ ಭಾರ 2,000 ವ್ಯಾಟ್.

‘ಹೀಗಾದರೆ ಹಾಗೆ ಮಾಡು’ ಎಂದಷ್ಟೇ ಹೇಳಿದರೆ ನಿಯಮ ಪೂರ್ತಿಯಾಗುವುದಿಲ್ಲ. ಎಲ್ಲಿಯವರೆಗೆ ಮಾಡಬೇಕು, ಎಷ್ಟು ಹೊತ್ತು ಕಾದು ಮಾಡಬೇಕು ಎಂಬುದನ್ನೂ ಅದು ಹೇಳಬೇಕು. ಒಂದು ಅಶ್ವಶಕ್ತಿಯ ಬಾವಿ ಪಂಪು ಸುಮಾರು 1,000 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳೋಣ. ಮನೆಯ ಬಳಕೆ ಕಳೆದು ಉಳಿದ ಸೋಲಾರ್ ಕರೆಂಟು ಮೆಸ್ಕಾಂ ಲೈನಿಗೆ ಹೋಗುತ್ತದೆ, ಅದೇ ಹೆಚ್ಚುವರಿ. ‘ಲೈನಿಗೆ ಹೋಗುವ ಹೆಚ್ಚುವರಿ 500 ವ್ಯಾಟ್ ದಾಟಿದರೆ ಪಂಪು ಹಾಕು, ಅದಕ್ಕಿಂತ ಇಳಿದರೆ ತೆಗೆ’ ಎಂಬ ನಿಯಮ ಓದಲು ಸರಿಯಾಗಿಯೇ ಇದೆ. ಆದರೆ ಹೆಚ್ಚುವರಿ 600 ವ್ಯಾಟ್ ಇದ್ದಾಗ ಪಂಪು ಹೊರಟಿತೆಂದರೆ, ಅದೇ 1,000 ವ್ಯಾಟ್ ನುಂಗುವುದರಿಂದ ಮನೆ ಲೈನಿನಿಂದ 400 ವ್ಯಾಟ್ ಎಳೆಯತೊಡಗುತ್ತದೆ. ನಿಯಮ ಪಂಪನ್ನು ನಿಲ್ಲಿಸುತ್ತದೆ. ನಿಲ್ಲಿಸಿದೊಡನೆ ಮತ್ತೆ 600 ವ್ಯಾಟ್ ಉಳಿಯುತ್ತದೆ. ಮತ್ತೆ ಪಂಪು ಹೊರಡುತ್ತದೆ. ಮೋಡವೇ ಇಲ್ಲದ ನಡುಹಗಲಿನಲ್ಲೂ ಪಂಪು ಹೀಗೆ ಹತ್ತಿ ಆರುತ್ತಲೇ ಇರುತ್ತದೆ, ಮತ್ತು ಮೋಟಾರು ಹೊರಡುವಾಗ ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆಯುವುದರಿಂದ ಅದರ ಸುರುಳಿಯೂ ಅದನ್ನು ಹಾಕಿ ತೆಗೆಯುವ ಸ್ವಿಚ್ಚಾದ ಕಾಂಟ್ಯಾಕ್ಟರೂ ಬೇಗ ಸವೆಯುತ್ತವೆ. ಆದ್ದರಿಂದ ಹಾಕುವ ಮಟ್ಟ ಮತ್ತು ತೆಗೆಯುವ ಮಟ್ಟಗಳ ನಡುವೆ ಅಂತರ ಇಡುತ್ತಾರೆ. ಇದಕ್ಕೆ ಹಿಸ್ಟೆರಿಸಿಸ್ ಎಂದು ಹೆಸರು. ಹೆಚ್ಚುವರಿ 1,200 ವ್ಯಾಟ್ ಐದು ನಿಮಿಷ ನಿಂತರೆ ಹಾಕು, ಲೈನಿನಿಂದ 300 ವ್ಯಾಟಿಗಿಂತ ಹೆಚ್ಚು ಮೂರು ನಿಮಿಷ ಎಳೆದರೆ ತೆಗೆ ಎಂದು ಬರೆದರೆ ಹಾದುಹೋಗುವ ಮೋಡಕ್ಕೆ ಪಂಪು ಬೆದರುವುದಿಲ್ಲ. ನನ್ನ ಮಟ್ಟಿಗೆ, ನಿಯಮ ಬರೆಯುವ ಕೆಲಸದಲ್ಲಿ ಹೆಚ್ಚು ಹೊತ್ತು ಯೋಚಿಸಬೇಕಾದದ್ದು ಈ ಅಂತರದ ಬಗ್ಗೆಯೇ.

ನಿಯಮ ಎಷ್ಟೇ ಚೆನ್ನಾಗಿದ್ದರೂ ಅದು ನಂಬುವುದು ಮೇನ್ ವಯರಿಗೆ ಸಿಕ್ಕಿಸಿದ ಕರೆಂಟ್ ಸೆನ್ಸರ್ ಹೇಳಿದ್ದನ್ನು. ಆ ಸೆನ್ಸರಿನ ಮೇಲೆ ದಿಕ್ಕು ತೋರಿಸುವ ಒಂದು ಬಾಣದ ಗುರುತು ಇರುತ್ತದೆ. ಉಡುಪಿಯ ನಮ್ಮ ಮನೆಯಲ್ಲಿ ಅದನ್ನು ತಿರುಗುಮುರುಗಾಗಿ ಸಿಕ್ಕಿಸಿದ್ದರು. ರಾತ್ರಿ ಏಳೂವರೆಗೆ ದೀಪ, ಫ್ಯಾನು, ಮಿಕ್ಸಿ ಎಲ್ಲ ಸೇರಿ 1,300 ವ್ಯಾಟ್ ಲೈನಿನಿಂದ ಬರುತ್ತಿದ್ದರೆ, ವ್ಯವಸ್ಥೆ ಅದನ್ನು 1,300 ವ್ಯಾಟ್ ಹೊರಗೆ ಹೋಗುತ್ತಿದೆಯೆಂದು ಓದಿ ಕತ್ತಲಲ್ಲೇ ಪಂಪು ಹಾಕಿತು. ಪಂಪಿನ ಹೊರೆ ಸೇರಿದ ಮೇಲೆ ವ್ಯವಸ್ಥೆಯ ಕಣ್ಣಿಗೆ ಹೆಚ್ಚುವರಿ 2,300 ಆಯಿತು. ತೆಗೆಯುವ ಮಾತೇ ಇರಲಿಲ್ಲ. ಕೊನೆಗೆ ಪಂಪನ್ನು ನಿಲ್ಲಿಸಿದ್ದು ನೀರು ತುಂಬಿದೊಡನೆ ತಾನೇ ಆರಿಸುವ ಟ್ಯಾಂಕಿನ ಫ್ಲೋಟ್ ಸ್ವಿಚ್. ಬೇಸಿಗೆಯಲ್ಲಿ ಬಾವಿಯ ನೀರು ತಳ ಸೇರುವ ನಮ್ಮ ಕಡೆ ಪಂಪು ನೀರಿಲ್ಲದೆ ಓಡದಂತೆ ತಡೆಯುವ ಸಾಧನವೂ ಹೀಗೆಯೇ ಆ್ಯಪ್‌ನ ಹಂಗಿಲ್ಲದೆ ಕೆಲಸ ಮಾಡಬೇಕು. ಸೆನ್ಸರ್ ಪರೀಕ್ಷೆ ಸುಲಭ: ಬ್ಯಾಟರಿಯಿಂದ ಲೈನಿಗೆ ಕರೆಂಟು ಕೊಡದ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ‘ಹೊರಗೆ ಹೋಗುತ್ತಿದೆ’ ಎಂಬ ಅಂಕಿ ಸೊನ್ನೆಯೇ ಇರಬೇಕು.

ಹೆಚ್ಚುವರಿ ನೋಡಿ ಪಂಪು ಹಾಕುವುದು ಮೊದಲ ಬಗೆಯ ನಿಯಮವಾದರೆ, ಎರಡನೆಯ ಬಗೆಯದು ಹೊರೆಯ ಮಿತಿಯದು. ಮಂಜೂರಾದ ಲೋಡ್, ಅಂದರೆ ಮೆಸ್ಕಾಂ ಒಪ್ಪಿದ ಹೊರೆ, 5 ಕಿಲೋವ್ಯಾಟ್ (5,000 ವ್ಯಾಟ್) ಇರುವ ಮನೆಯಲ್ಲಿ 2,000 ವ್ಯಾಟಿನ ಗೀಸರ್, 1,800ರ ಇಂಡಕ್ಷನ್ ಒಲೆ, 1,500ರ ಏಸಿ, 1,000ದ ಪಂಪು ಒಟ್ಟಿಗೆ ಹತ್ತಿದರೆ 6,300 ವ್ಯಾಟ್ ಆಗುತ್ತದೆ. ಆಗ ಮೊದಲು ನಿಲ್ಲಿಸಬೇಕಾದದ್ದು ಗೀಸರನ್ನು, ಏಕೆಂದರೆ ಹತ್ತು ನಿಮಿಷ ನಿಂತರೂ ಅದರೊಳಗಿನ ನೀರು ತಣ್ಣಗಾಗುವುದಿಲ್ಲ. ಒಲೆಯ ಮೇಲಿನ ಸಾರು ಹಾಗೆ ಕಾಯುವುದಿಲ್ಲ. ನೆಟ್ ಮೀಟರಿಂಗ್ ಇರುವ ಮನೆಗೆ ಹೆಚ್ಚುವರಿ ನೋಡಿ ಪಂಪು ಹಾಕುವ ನಿಯಮಕ್ಕಿಂತ ಈ ನಿಯಮವೇ ಮುಖ್ಯ, ಏಕೆಂದರೆ ಹಗಲು ಲೈನಿಗೆ ಕೊಟ್ಟ ಯೂನಿಟ್ಟನ್ನು ರಾತ್ರಿ ಪಡೆದದ್ದರಲ್ಲಿ ಕಳೆಯುವುದರಿಂದ ಪಂಪು ಯಾವ ಹೊತ್ತಿಗೆ ಓಡಿದರೂ ಬಿಲ್ಲಿನಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ಮೂರನೆಯದು ಬ್ಯಾಟರಿಯ ಮೀಸಲು, ಅಂದರೆ ಕರೆಂಟು ಹೋದಾಗಿನ ಬಳಕೆಗೆಂದು ಮುಟ್ಟದೆ ಉಳಿಸುವ ಪಾಲು. ಗಾಳಿಮಳೆಗೆ ತಂತಿಯ ಮೇಲೆ ತೆಂಗಿನ ಗರಿ ಬಿದ್ದು ಗಂಟೆಗಟ್ಟಲೆ ಕರೆಂಟು ಹೋಗುವ ಆಟಿ (ಜುಲೈ-ಆಗಸ್ಟ್) ತಿಂಗಳಿಗೂ ಬಿಸಿಲು ಸುರಿಯುವ ಜನವರಿಗೂ ಒಂದೇ ಅಂಕಿ ಹೊಂದುವುದಿಲ್ಲ, ಬೇಸಿಗೆಗೆ ಶೇ. 20 ಮೀಸಲಿಟ್ಟರೆ ಮಳೆಗಾಲಕ್ಕೆ ಶೇ. 60 ಇಡುವುದು ನಾನು ಅನುಸರಿಸುವ ಕ್ರಮ. ಸೋಲಾರ್ ಫಲಕದ ಕರೆಂಟನ್ನು ಮನೆಗೂ ಲೈನಿಗೂ ಒಗ್ಗಿಸಿ ಕೊಡುವ, ಬ್ಯಾಟರಿಯಿಲ್ಲದ ಆನ್‌ಗ್ರಿಡ್ ಇನ್ವರ್ಟರ್ ಮಾತ್ರ ಲೈನಿನಲ್ಲಿ ಕರೆಂಟು ಹೋದೊಡನೆ, ಬಿಸಿಲಿದ್ದರೂ, ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ನ ಕೈಗೆ ನಮ್ಮ ಮಾಡಿನ ಕರೆಂಟು ತಾಗದಿರಲೆಂದು ಇನ್ವರ್ಟರಿನೊಳಗೇ ಇಟ್ಟಿರುವ ರಕ್ಷಣೆ ಅದು. ಆ್ಯಪ್‌ನಲ್ಲಿ ಬರೆಯುವ ಯಾವ ನಿಯಮಕ್ಕೂ ಅದನ್ನು ಮೀರುವ ಅಧಿಕಾರ ಇರುವುದಿಲ್ಲ.